ಅರಿಸಿನ ದೊರೆಯ ದೋಣಿಗೆ ಶ್ರುತಿ ಹಿಡಿದದ್ದು

ಇಂಗ್ಲಿಷ್ ಬಾರದವನಿಗೆ ಇರುವುದು ಒಂದೇ ಕಷ್ಟ, ಇಂಗ್ಲಿಷ್ ಬರುವುದಿಲ್ಲ ಎನ್ನುವುದು. ಚೆನ್ನಾಗಿ ಬಲ್ಲವನಿಗೆ ಆ ಕಷ್ಟವೂ ಇಲ್ಲ. ನಿಜವಾಗಿ ಪಾಡು ಪಡುವವನು ಇವರಿಬ್ಬರ ನಡುವೆ ನಿಂತವನು. ಅವನಿಗೆ ಬರುವುದು ಅರ್ಧ, ಆದರೆ ಪೂರ್ತಿ ಬರುತ್ತದೆಂದು ಊರೆಲ್ಲ ನಂಬಿರುತ್ತದೆ, ಮತ್ತು ಆ ನಂಬಿಕೆಯನ್ನು ಕೆಡಿಸುವಷ್ಟು ಧೈರ್ಯ ಅವನಿಗಿರುವುದಿಲ್ಲ. ನಾನು ಆ ಜಾತಿಯವನು. ಹುಣಸೂರಿನ ನಮ್ಮ ಬೀದಿಯಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಕೂತ ಮೊದಲನೆಯವನು ನಾನೇ. 'ಕೂತ' ಎಂಬ ಮಾತನ್ನು ದಯವಿಟ್ಟು ಗಮನಿಸಬೇಕು. ಎದ್ದ ವಿಚಾರವನ್ನು ಬೀದಿಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

ಆ ಕಾಲದಲ್ಲಿ ಬೀದಿಗೆ ತಂತಿ ಬಂದರೆ ಓದುವವನು ನಾನು. ತಂತಿಯವನು ಸೈಕಲ್ ನಿಲ್ಲಿಸಿದ ಕೂಡಲೇ ಹೆಂಗಸರು ಅಳುವುದಕ್ಕೆ ಸಿದ್ಧರಾಗಿ ನಿಲ್ಲುತ್ತಿದ್ದರು, ನಾನು ಷರಟು ಹಾಕಿಕೊಂಡು ಬರುತ್ತಿದ್ದೆ. ಒಮ್ಮೆ ಎದುರುಮನೆಯ ಸಾವುಕಾರರಿಗೆ ಅವರ ಮಗಳ ಊರಾದ ಸರಗೂರಿನಿಂದ ತಂತಿ ಬಂತು. 'ಡೆಲಿವರ್ಡ್ ಸನ್ ಬೋತ್ ವೆಲ್' ಎಂದಿತ್ತು. ನಾನು ಗಂಟಲು ಸರಿಮಾಡಿಕೊಂಡು, "ಹೆರಿಗೆಯಾಯಿತು, ಗಂಡು, ಎರಡೂ ಚೆನ್ನಾಗಿವೆ" ಎಂದು ಸಾರಿದೆ. ಸಾವುಕಾರರು ಬೀದಿಗೆಲ್ಲ ಸಕ್ಕರೆ ಹಂಚಿ, ಎರಡು ತೊಟ್ಟಿಲನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಸರಗೂರಿಗೆ ಹೋದರು. ಬರುವಾಗ ಒಂದು ತೊಟ್ಟಿಲನ್ನು ವಾಪಸು ತಂದರು. ಚೆನ್ನಾಗಿದ್ದ ಎರಡನೆಯವರು ಬಾಣಂತಿ. ಅಷ್ಟಾದರೂ ಸಾವುಕಾರರು ನನ್ನ ಇಂಗ್ಲಿಷನ್ನು ಅನುಮಾನಿಸಲಿಲ್ಲ. ತಂತಿ ಕಳಿಸಿದ ಪೋಸ್ಟ್‌ಮಾಸ್ಟರನದೇ ತಪ್ಪು ಎಂದರು.

ಇಂಥ ನಂಬಿಕೆಯ ಬಲದಿಂದಲೇ ನನಗೆ ಮರದ ಕಂಪನಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹೆಗ್ಗಡದೇವನಕೋಟೆಯ ಕಾಡಿನ ದಿಮ್ಮಿಗಳು ಲಾರಿಯಲ್ಲಿ ನಮ್ಮ ಡಿಪೋಗೆ ಬಂದು ಬೀಳುತ್ತಿದ್ದವು, ನಾನು ಅವುಗಳ ಉದ್ದ ದಪ್ಪ ಬರೆದುಕೊಳ್ಳುತ್ತಿದ್ದೆ. ಸ್ವಾತಂತ್ರ್ಯ ಬಂದು ಅಷ್ಟು ವರ್ಷವಾಗಿದ್ದರೂ ಊರಿಗೆ ಹೋಗಲು ಮನಸ್ಸಾಗದೆ ಉಳಿದಿದ್ದ ಒಬ್ಬ ಇಂಗ್ಲಿಷಿನವರು ನಮ್ಮ ಮ್ಯಾನೇಜರು. ಅವರ ಹೆಸರು ಹ್ಯಾರಿಸನ್. ನಮ್ಮ ಕಡೆಯ ನಾಲಿಗೆಗೂ ಹಕಾರಕ್ಕೂ ಹಳೆಯ ಮನಸ್ತಾಪ. ಹಳ್ಳಿ 'ಅಳ್ಳಿ'ಯಾಗುತ್ತದೆ, ಹುಲಿ 'ಉಲಿ'ಯಾಗುತ್ತದೆ. ಹ್ಯಾರಿಸನ್ನರು ಬಂದ ವಾರದೊಳಗೆ 'ಅರಿಸಿನ ದೊರೆ'ಯಾದರು. ಬಿಸಿಲಿಗೆ ಅವರ ಮುಖ ಹಳದಿಗಿಂತ ಕುಂಕುಮಕ್ಕೇ ಹತ್ತಿರವಿತ್ತು, ಆದರೆ ಹೆಸರು ಹಾಗೇ ನಿಂತಿತು.

ನನ್ನ ಕೆಲಸ ಟೆಂಪರವರಿ. ಆರು ತಿಂಗಳಿಗೊಮ್ಮೆ ದೊರೆ ಒಂದು ಕಾಗದಕ್ಕೆ ರುಜು ಹಾಕಿ ಮುಂದುವರಿಸುತ್ತಿದ್ದರು. ಅದರಿಂದ ನನಗೇನೂ ತೊಂದರೆಯಿರಲಿಲ್ಲ, ಪಿರಿಯಾಪಟ್ಟಣದಲ್ಲಿ ಹೆಣ್ಣು ನೋಡಿ ಬರುವತನಕ. ಹೊಗೆಸೊಪ್ಪು ಬೆಳೆಯುವ ಅನುಕೂಲಸ್ಥರ ಮನೆ. ಹುಡುಗಿಯ ಹೆಸರು ಪಾರ್ವತಿ. ಜೊತೆಗೆ ಬಂದಿದ್ದ ನಮ್ಮಪ್ಪ ಕಾಫಿ ಕುಡಿದು ಮುಗಿಸಿ, ಖಾಲಿ ಲೋಟವನ್ನು ಬೆರಳಿನಿಂದ ಟಣ್ಣೆಂದು ತಟ್ಟಿ, ಕಣ್ಣುಮುಚ್ಚಿ ಕೇಳಿ, "ಒಳ್ಳೆ ಲೋಟ ಕಣ್ರೀ. ದನಿ ಸುದ್ದವಾಗಿ ಅದೆ" ಎಂದರು. ನಾನು ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಬಾಗಿಲ ಮರೆಯಲ್ಲಿ ಹುಡುಗಿ ನಕ್ಕ ಸದ್ದು ಕೇಳಿಸಿತು. ಆ ನಗು ಕೇಳಿದ ಮೇಲೆ ಮದುವೆಯಾದರೆ ಇವಳನ್ನೇ ಎಂದು ನಿಶ್ಚಯಿಸಿದೆ. ಆದರೆ ಹುಡುಗಿಯ ತಂದೆ ಬೀಳ್ಕೊಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ನೋಡಪ್ಪ, ನಾವು ಎಣ್ಣು ಕೊಡೋದು ಪರ್ಮನೆಂಟಾಗಿ. ನಿನ್ ಕೆಲ್ಸ ನೋಡುದ್ರೆ ಟೆಂಪ್ರವರಿ. ಎರಡೂ ಎಂಗೆ ಒಂದ್ಕೊಳ್ತವೆ? ಕಾಯಂ ಆದ್ಮೇಲೆ ಬಾ" ಎಂದರು. ಮಾತಿನಲ್ಲಿ ನ್ಯಾಯವಿತ್ತು.

ಇಲ್ಲಿ ನಮ್ಮಪ್ಪನ ವಿಚಾರ ಹೇಳಿಬಿಡಬೇಕು. ಗುರುಮಲ್ಲಪ್ಪ ಎಂದು ಹೆಸರು. ಪೇಟೆಬೀದಿಯಲ್ಲಿ ಬೆಲ್ಲ, ಹುರಿಗಡಲೆಯ ಸಣ್ಣ ಅಂಗಡಿ. ಸೋಮವಾರ ಸಂಜೆ ಮಠದಲ್ಲಿ ತಂಬೂರಿ ಹಿಡಿದು ಭಜನೆ. ಓದು ಕನ್ನಡ ಮೂರನೇ ಕ್ಲಾಸು. ದೇವರು ಅವರಿಗೆ ಕಣ್ಣು ಮೂಗನ್ನು ಸಾಧಾರಣವಾಗಿ ಕೊಟ್ಟು, ಕಿವಿಯನ್ನು ಮಾತ್ರ ಎರಡು ಪಾಲು ಕೊಟ್ಟಿದ್ದ. ಮಡಕೆ ಕೊಳ್ಳಲು ಹೋದರೆ ಹತ್ತು ಮಡಕೆ ತಟ್ಟಿ ಹನ್ನೊಂದನೆಯದನ್ನು ತರುತ್ತಿದ್ದರು. ನಮ್ಮ ಬಾವಿಯ ರಾಟೆ ಅಪಸ್ವರದಲ್ಲಿ ಕಿರುಗುಟ್ಟುತ್ತದೆಂದು ಎಣ್ಣೆ ಬಿಟ್ಟರು. ಸದ್ದೇ ನಿಂತಾಗ, ಅದು ಸರಿಯಲ್ಲ, ಸ್ವಲ್ಪ ಕಿರುಗುಟ್ಟಬೇಕು, ಆದರೆ ಶ್ರುತಿಯಲ್ಲಿ ಕಿರುಗುಟ್ಟಬೇಕು ಎಂದು ಮತ್ತೆ ಒರೆಸಿದರು. ಮನುಷ್ಯರನ್ನೂ ದನಿಯಿಂದಲೇ ಅಳೆಯುತ್ತಿದ್ದರು. "ಅವ್ನು ಒಳ್ಳೇವ್ನೇ, ಆದ್ರೆ ಸುಳ್ಳು ಏಳೋವಾಗ ದನಿ ಅರ್ಧ ಮನೆ ಮೇಲೋಗ್ತದೆ" ಎನ್ನುತ್ತಿದ್ದರು, ಮನೆ ಎಂದರೆ ಹಾರ್ಮೋನಿಯಂನ ಮನೆ. ಇಂಥ ತಂದೆಯನ್ನು ಪಡೆದದ್ದು ಭಾಗ್ಯವೆಂದು ಈಗ ತಿಳಿದಿದೆ. ಆಗ ತಿಳಿದಿರಲಿಲ್ಲ. ಒಂದು ಸಲ ಡಿಪೋಗೆ ಬುತ್ತಿ ತಂದವರು ಅಲ್ಲಿದ್ದ ದಿಮ್ಮಿಗಳನ್ನೆಲ್ಲ ತಟ್ಟಿ ನೋಡುತ್ತ ಓಡಾಡಿದ್ದಕ್ಕೆ ಉಳಿದ ಗುಮಾಸ್ತರು ನಕ್ಕದ್ದನ್ನು ಕಂಡು, ಇನ್ನು ಮೇಲೆ ಆಫೀಸಿಗೆ ಬರಬೇಡಿ ಎಂದು ಹೇಳಿಬಿಟ್ಟೆ. ಅವರು ಬರುವುದನ್ನು ಬಿಟ್ಟರು. ಯಾಕೆ ಎಂದೂ ಕೇಳಲಿಲ್ಲ.

ಹೀಗಿರುವಾಗ ಆಷಾಢದಲ್ಲಿ ಒಂದು ದಿನ ದೊರೆಗೆ ಅವರ ಸೀಮೆಯಿಂದ ಉದ್ದನೆಯ ಪೆಟ್ಟಿಗೆ ಬಂತು. ಒಳಗೊಂದು ದೋಣಿ. ಜನ ಕೂರುವ ದೋಣಿಯಲ್ಲ, ತೊಟ್ಟಿಲಿನಷ್ಟು ಉದ್ದದ ಆಟದ ದೋಣಿ, ಆದರೆ ಆಟ ಆಡುವವರು ದೊಡ್ಡವರು. ನಡುವೆ ನೆಡಲು ಪಟದ ಕಂಬ, ಅದಕ್ಕೆ ಕಟ್ಟಲು ಉಕ್ಕಿನ ತೆಳ್ಳನೆ ತಂತಿಗಳು, ಗಾಳಿ ಹಿಡಿಯಲು ರೇಷ್ಮೆಯಂಥ ಬಟ್ಟೆಯ ಎರಡು ಪಟ, ಮತ್ತೆ ಒಂದು ರೇಡಿಯೋ. ದಡದಲ್ಲಿ ನಿಂತು ಕೈಯಲ್ಲಿರುವ ಪೆಟ್ಟಿಗೆಯ ಗುಂಡಿ ಒತ್ತಿದರೆ ನೀರಿನ ಮೇಲಿರುವ ದೋಣಿ ಚುಕ್ಕಾಣಿ ತಿರುಗಿಸಿಕೊಳ್ಳುತ್ತದೆ. ಕೊಪ್ಪದಾಚೆ ಹೊಳೆ ದಾಟಿದ ಮೇಲೆ ಕಾಫಿ ತೋಟ ಮಾಡಿಕೊಂಡಿದ್ದ ಇನ್ನೊಬ್ಬ ದೊರೆಯ ಹತ್ತಿರವೂ ಇಂಥದೇ ದೋಣಿಯಿತ್ತು. ಬರುವ ಭಾನುವಾರ ನಮ್ಮೂರ ಕೆರೆಯಲ್ಲಿ ಇಬ್ಬರಿಗೂ ಪಂದ್ಯವೆಂದು ಗೊತ್ತಾಗಿತ್ತು. ಅಷ್ಟರಲ್ಲಿ ನಮ್ಮ ದೊರೆ ಕಾಡಿನಲ್ಲಿ ಒದ್ದೆ ದಿಮ್ಮಿಯ ಮೇಲೆ ಕಾಲಿಟ್ಟು ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಪಟ್ಟಿ ಹಾಕಿಸಿಕೊಂಡು ವಾರ ಮೈಸೂರಿನಲ್ಲಿ ಇರಬೇಕಾಯಿತು. ಹೊರಡುವ ಮುಂಚೆ ನನ್ನನ್ನು ಕರೆದು ಒಂದು ತೆಳ್ಳನೆಯ ಪುಸ್ತಕ ಕೊಟ್ಟು, "ನಿನಗೆ ಇಂಗ್ಲಿಷ್ ಬರುತ್ತದೆ. ಇದನ್ನು ಓದಿ ಕಂಬ, ತಂತಿ, ಪಟ ಎಲ್ಲ ಕೂಡಿಸು. ಮುಖ್ಯವಾಗಿ ಚೆನ್ನಾಗಿ ಟ್ಯೂನ್ ಮಾಡು. ಭಾನುವಾರ ನೇರವಾಗಿ ಕೆರೆಗೆ ಬರುತ್ತೇನೆ. ನಿನ್ನ ಕಾಯಂ ವಿಚಾರ ನೆನಪಿದೆ, ಸೋಮವಾರ ಮಾತಾಡೋಣ" ಎಂದರು. ನಾನು 'ಎಸ್ ಸಾರ್' ಎಂದೆ. ನನ್ನ ಇಂಗ್ಲಿಷಿನಲ್ಲಿ ಯಾವತ್ತೂ ತಪ್ಪಿಲ್ಲದೆ ಬರುತ್ತಿದ್ದದ್ದು ಆ ಎರಡೇ ಮಾತು.

ಕೂಡಿಸುವ ಕೈಗೆಲಸಕ್ಕೆ ಡಿಪೋದ ಬಡಗಿ ಬಸವಾಚಾರಿ ಇದ್ದ. ಗಾಡಿ, ನೇಗಿಲು, ಬಾಗಿಲು ಎಲ್ಲ ಮಾಡಿದ ಕೈ. ಒಂದು ಕಡೆ ನಾನು ಪುಸ್ತಕ ಮತ್ತು ಡಿಕ್ಷನರಿ ಹಿಡಿದು ಕೂತೆ, ಇನ್ನೊಂದು ಕಡೆ ಅವನು ಉಳಿ ಹಿಡಿದು ಕೂತ. ಮೊದಲ ವಾಕ್ಯ, 'ಶ್ರೌಡ್'ಗಳನ್ನು ಬಿಗಿಮಾಡಿ ಎಂದಿತ್ತು. ಡಿಕ್ಷನರಿ ತೆಗೆದರೆ, ಶ್ರೌಡ್ ಎಂದರೆ ಹೆಣಕ್ಕೆ ಹೊದಿಸುವ ಬಟ್ಟೆ. ನಾನು ಮೂರು ಸಲ ಓದಿದೆ. ಹೇಳದೆ ವಿಧಿಯಿಲ್ಲ, ಹೇಳಿದೆ. ಆಚಾರಿ ಉಳಿ ಕೆಳಗಿಟ್ಟ.

"ಸ್ವಾಮಿ, ಒಸಾ ಸಾಮಾನು. ಮೊದಲ್ನೇ ಮಾತೇ ಎಣದ ಬಟ್ಟೆದಾ? ನಿಂಬೆಅಣ್ಣಾರ ಕುಯ್ದು ಆಮೇಲ್ ಸುರು ಮಾಡಾನ."

ನಿಂಬೆಹಣ್ಣು ಕುಯ್ದಾಯಿತು. ಎರಡನೆಯ ವಾಕ್ಯದಲ್ಲಿ ಗಾಳಿ ಹೆಚ್ಚಾದರೆ 'ಶೀಟ್' ಸಡಿಲ ಬಿಡಿ ಎಂದಿತ್ತು. ಇದಕ್ಕೆ ಡಿಕ್ಷನರಿ ಬೇಡ, ಶೀಟ್ ಎಂದರೆ ಬಟ್ಟೆ, ನನಗೇ ಗೊತ್ತು. ಪಟದ ಬಟ್ಟೆಯನ್ನು ಕಂಬಕ್ಕೆ ಹೊಲಿದಿದ್ದ ದಾರವನ್ನೆಲ್ಲ ಸಡಿಲ ಮಾಡಿಸಿದೆ. ಪಟ ಒಣಗಲು ಹಾಕಿದ ಲಂಗದ ಹಾಗೆ ಜೋತುಬಿತ್ತು. ಹಡಗಿನವರ ಭಾಷೆಯಲ್ಲಿ ಶೀಟ್ ಎಂದರೆ ಬಟ್ಟೆಯಲ್ಲ, ಹಗ್ಗ ಎಂದು ತಿಳಿಯುವ ಹೊತ್ತಿಗೆ ನನಗೆ ಮೊಮ್ಮಕ್ಕಳಾಗಿದ್ದವು. ಹಗ್ಗಕ್ಕೆ ಬಟ್ಟೆ ಎನ್ನುವ, ತಂತಿಗೆ ಹೆಣದ ಹೊದಿಕೆ ಎನ್ನುವ ಜನ ಅರ್ಧ ಭೂಮಿಯನ್ನು ಹೇಗೆ ಆಳಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಚಾರಿ ಸ್ವಲ್ಪ ಹೊತ್ತು ಆ ಲಂಗವನ್ನು ನೋಡಿದ. ಆಮೇಲೆ ಪುಸ್ತಕವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು ಚಿತ್ರವಿದ್ದ ಪುಟ ತಿರುಗಿಸಿದ.

"ಅಕ್ಸರ ಬುಡಿ ಸ್ವಾಮಿ, ಚಿತ್ರ ನೋಡಿ. ಇದು ಟೂರಿಂಗ್ ಟಾಕೀಸ್ ಡೇರೆ ಕಂಬ ಇದ್ದಂಗದೆ. ಕಂಬ ಬೀಳ್ದಂಗೆ ಎರಡೂ ಪಕ್ಕಕ್ಕೆ ಒಂದೊಂದು ತಂತಿ, ಮುಂದಕ್ಕೊಂದು. ಅಷ್ಟೇಯ."

ಅಷ್ಟೇ. ಮಧ್ಯಾಹ್ನದೊಳಗೆ ಪಟದ ದಾರ ಮತ್ತೆ ಬಿಗಿಯಾಗಿ ದೋಣಿ ಎದ್ದು ನಿಂತಿತು. ಪುಸ್ತಕದ ಮರ್ಯಾದೆ ಉಳಿಸಲು ನಾನು ಒಂದು ಮಾತು ಹೇಳಬೇಕೆನಿಸಿತು. "ರೇಡಿಯೋದಿಂದ ಈ ದೋಣಿ ನೀರ ಮೇಲೆ ಆಡುತ್ತದೆ" ಎಂದೆ. ಹೇಳಿದ್ದು ಅಷ್ಟೇ. ಆದರೆ ಹಕಾರ ನುಂಗುವ ಊರಿನಲ್ಲಿ ಹಾಡುವುದಕ್ಕೂ 'ಆಡುವುದು' ಎಂದೇ ಅನ್ನುತ್ತಾರೆ, ಅದರಲ್ಲೂ ಮುಂದೆ ರೇಡಿಯೋ ಎಂಬ ಮಾತಿದ್ದ ಮೇಲೆ ಕೇಳಬೇಕೇ. ಸಂಜೆಯೊಳಗೆ ಊರಿನಲ್ಲೆಲ್ಲ ಸುದ್ದಿ: ಅರಿಸಿನ ದೊರೆಯ ದೋಣಿ ಹಾಡುತ್ತದಂತೆ. ಭಾನುವಾರ ಕೆರೆ ಏರಿಯ ಮೇಲೆ ಕಛೇರಿಯಂತೆ. ಹೋಟೆಲಿನವನು ನನ್ನನ್ನು ತಡೆದು, ಬೆಂಗಳೂರು ಸ್ಟೇಷನ್ನು ಸಿಗುತ್ತದೋ ಇಲ್ಲವೋ ಎಂದು ಕೇಳಿದ. ನಾನು ಗಂಭೀರವಾಗಿ, "ಇನ್ನೂ ಟ್ಯೂನ್ ಮಾಡಿಲ್ಲ" ಎಂದೆ.

ಹಾಗೆಂದೆನೇ ಹೊರತು ಆ ಟ್ಯೂನ್ ಮಾಡುವುದೇ ನನ್ನ ಎದೆಯ ಮೇಲೆ ಕೂತಿತ್ತು. ಪುಸ್ತಕದಲ್ಲಿ ಅದಕ್ಕೇ ಬೇರೆ ಅಧ್ಯಾಯವಿತ್ತು. ಟ್ಯೂನ್ ಎಂದರೆ ರೇಡಿಯೋ ಕಿವಿ ತಿರುಗಿಸುವುದು, ಅದು ಹುಣಸೂರಿನ ಯಾವ ಹೋಟೆಲಿನವನಿಗೂ ಗೊತ್ತು. ನಾನು ಪೆಟ್ಟಿಗೆಯ ಇದ್ದಬದ್ದ ತಿರುಪನ್ನೆಲ್ಲ ತಿರುಗಿಸಿ, ಗುರುವಾರ ಸಂಜೆ ಆಚಾರಿಯೊಡನೆ ದೋಣಿಯನ್ನು ಕೆರೆಗೆ ಒಯ್ದೆ. ಎಡಕ್ಕೆ ಬಿಟ್ಟರೆ ಚೆನ್ನಾಗಿಯೇ ಹೋಯಿತು. ಬಲಕ್ಕೆ ತಿರುಗಿತೋ ಇಲ್ಲವೋ, ಕಂಬ ಒಂದು ಕಡೆಗೆ ಸೊಂಟ ಬಿಟ್ಟು ಪಟ ಪಟಪಟನೆ ಬಡಿದುಕೊಂಡು, ದೋಣಿ ಎಮ್ಮೆಯ ಹಾಗೆ ಮಗ್ಗುಲಾಗಿ ಮಲಗಿಬಿಟ್ಟಿತು. ಆಚಾರಿ ಎದೆಮಟ್ಟ ನೀರಿಗಿಳಿದು ಎತ್ತಿ ತಂದ. ಮತ್ತೆ ಬಿಟ್ಟೆವು, ಮತ್ತೆ ಮಲಗಿತು. ಪಂದ್ಯವೋ ಹೋಗುತ್ತ ಎಡಕ್ಕೆ, ಬರುತ್ತ ಬಲಕ್ಕೆ. ಹೋಗುವುದು ಮಾತ್ರ ಬಂದರೆ ಯಾವ ದೊರೆ ತಾನೇ ಕಾಯಂ ಮಾಡುತ್ತಾನೆ? ಪಿರಿಯಾಪಟ್ಟಣದ ಬಾಗಿಲ ಮರೆಯ ನಗು ದೂರ ಸರಿಯುತ್ತಿರುವುದು ನನಗೆ ಅಲ್ಲೇ ಕೇಳಿಸಿತು.

ಮನೆಗೆ ಬಂದು ಮುದ್ದೆಯನ್ನು ಮುರಿಯುತ್ತ ಕೂತೆ, ನುಂಗಲಿಲ್ಲ. ಅಪ್ಪ ನೋಡಿ, "ಏನಪ್ಪ, ದನಿನೇ ಇಲ್ಲ ಇವತ್ತು" ಎಂದರು. ಯಾರ ಮೇಲಾದರೂ ರೇಗಬೇಕಿತ್ತು, ಅವರ ಮೇಲೆ ರೇಗಿದೆ. ನಿಮಗೆ ಹೇಳಿದರೆ ತಿಳಿಯುತ್ತದೆಯೇ, ಟ್ಯೂನ್ ಮಾಡಬೇಕಂತೆ, ನಿಮಗೇನು ಗೊತ್ತು ಎಂದೆ.

"ಟೂನು ಅಂದ್ರೆ?"

ಸಿಟ್ಟಿನಲ್ಲಿ ಡಿಕ್ಷನರಿ ತೆರೆದು ಓದಿದೆ. "ಶ್ರುತಿ ಹಿಡಿಯುವುದು, ಶ್ರುತಿಗೂಡಿಸುವುದು."

ಅಪ್ಪ ಹತ್ತಿರ ಸರಿದು ಕೂತರು. "ತಂತಿ ಅವ್ಯಾ ಅದ್ರಲ್ಲಿ?" ಎಂದರು. ಇವೆ ಎಂದೆ. "ಸುರುತಿ ಮಾಡು ಅಂತ ಪುಸ್ತಕದಲ್ಲೇ ಬರ್ದವ್ನೆ. ತಂತಿನೂ ಅದೆ. ನೀನು ರೇಡಿಯೋ ಕಿವಿ ಯಾಕಪ್ಪ ಇಂಡ್ತಾ ಕೂತಿದ್ದೀಯೆ?" ಎಂದರು.

ಶುಕ್ರವಾರ ಅವರು ಅಂಗಡಿಗೆ ಅರ್ಧ ಬಾಗಿಲು ಹಾಕಿ, ಹೆಗಲಿಗೆ ತಂಬೂರಿ ತಗುಲಿಸಿಕೊಂಡು ಡಿಪೋ ಗೇಟಿನ ಮುಂದೆ ಬಂದು ನಿಂತರು. ಒಳಗೆ ಬರಲಿಲ್ಲ. ಬರಬೇಡಿ ಎಂದು ನಾನು ಹೇಳಿದ್ದೆನಲ್ಲ, ಅದಕ್ಕೆ. ಆಚಾರಿಯೇ ಹೋಗಿ ಕರೆದುಕೊಂಡು ಬಂದ. ನಾನು ಹತ್ತಿರದಲ್ಲಿ ಬೇರೆ ಗುಮಾಸ್ತರು ಯಾರೂ ಇಲ್ಲವೆಂದು ನೋಡಿಕೊಂಡು ಬಾಗಿಲು ಮುಂದಕ್ಕೆ ಮಾಡಿದೆ. ಅಪ್ಪ ದೋಣಿಯ ಮುಂದೆ ಚಕ್ಕಂಬಕ್ಕಲ ಹಾಕಿ ಕೂತು, ಮಗುವಿನ ಹೊಟ್ಟೆ ಮುಟ್ಟಿ ನೋಡುವಂತೆ ಎಡಗಡೆಯ ತಂತಿಯನ್ನು ಬೆರಳಿನಿಂದ ಮೀಟಿದರು. ಸಣ್ಣಗೆ, ತೀಕ್ಷ್ಣವಾಗಿ ನಾದ ಬಂತು. ಬಲಗಡೆಯದನ್ನು ಮೀಟಿದರು. ಅದು ನೆಗಡಿ ಬಂದವರ ಹಾಗೆ ಗುಂಯ್ ಎಂದಿತು.

"ನೋಡ್ಲಾ, ಒಂದೇ ಉದ್ದ, ಒಂದೇ ದಪ್ಪ. ಒಂದೇ ದನಿ ಕೊಡ್ಬೇಕು. ಒಬ್ಬ ಮೇಲ್ ಆಡ್ತಾನೆ, ಒಬ್ಬ ಕೆಳಗ್ ಆಡ್ತಾನೆ. ನಡುವೆ ನಿಂತಿರೋ ಕಂಬ ಏನ್ ಮಾಡ್ಬೇಕು ಪಾಪ, ಬಲವಾಗಿ ಎಳೆದೋನ ಕಡೆ ಬಗ್ತದೆ."

ಆಚಾರಿ ತಂತಿಯ ಬುಡದ ತಿರುಪು ಹಿಡಿದ. ಅಪ್ಪ ತಂಬೂರಿಯ ತಂತಿ ಮೀಟಿ ಷಡ್ಜ ಕೊಟ್ಟರು. ಆಚಾರಿ ಒಂದು ಸುತ್ತು ತಿರುಗಿಸುವುದು, ಅಪ್ಪ ಮೀಟುವುದು, "ಇನ್ನೊಂದ್ ಕೂದ್ಲೆಳೆ", "ಜಾಸ್ತಿ ಆಯ್ತು, ಇಳ್ಸು", "ಅಲ್ಲೇ ಇರ್ಲಿ". ಒಂದು ಗಂಟೆ ಇದು ನಡೆಯಿತು. ಎರಡು ತಂತಿಯೂ ಒಂದೇ ಕಂಠದಿಂದ ಬಂದಂತೆ ಕೂಡಿದಾಗ ಅಪ್ಪ ಕಣ್ಣುಮುಚ್ಚಿ ತಲೆದೂಗಿದರು. ಮುಂದಿನ ತಂತಿಯನ್ನು ಪಂಚಮಕ್ಕೆ ಇಡುತ್ತೇನೆಂದು ಹೊರಟಾಗ ನನಗೆ ನಗು ತಡೆಯಲಾಗಲಿಲ್ಲ. ಆದರೆ ಆಚಾರಿ ನಗಲಿಲ್ಲ. ತೂಗುಗುಂಡಿನ ದಾರ ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ಕಂಬವನ್ನು ನೋಡಿದ. ದಾರಕ್ಕೂ ಕಂಬಕ್ಕೂ ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ. ಅವನು ಎದ್ದು ಅಪ್ಪನಿಗೆ ಕೈ ಮುಗಿದ.

ಭಾನುವಾರ ಕೆರೆ ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕೃಷ್ಣರಾಜನಗರದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು, ಚಾಪೆ ತಂದಿದ್ದರು. ಕಛೇರಿಗೆ ಬಂದವರಲ್ಲವೇ. ಅಪ್ಪನೂ ಬರುತ್ತೇನೆಂದರು. ಬನ್ನಿ, ಆದರೆ ಆ ಕೊನೆಯ ಹಿಪ್ಪೆಮರದ ಕೆಳಗೆ ನಿಂತುಕೊಳ್ಳಿ, ದೊರೆಗಳ ಹತ್ತಿರ ಬರಬೇಡಿ ಎಂದು ನಾನೇ ಹೇಳಿದ್ದೆ. ಹಾಗೇ ನಿಂತಿದ್ದರು, ಒಗೆದ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಇಟ್ಟುಕೊಂಡು. ತಂಬೂರಿ ಮಾತ್ರ ಮನೆಯಲ್ಲಿ ಬಿಟ್ಟಿದ್ದರು.

ನೀರಿನಲ್ಲಿ ಎರಡು ಮಡಕೆ ತೇಲಿಬಿಟ್ಟಿದ್ದರು. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಬಳಸಿ ಮೂರು ಸುತ್ತು ಬರಬೇಕು. ನಮ್ಮ ದೊರೆ ಬಲಗೈ ಜೋಳಿಗೆಯಲ್ಲಿ ಹಾಕಿಕೊಂಡು ಎಡಗೈಯಲ್ಲಿ ಗುಂಡಿ ಒತ್ತುತ್ತಿದ್ದರು. ಮೊದಲ ಸುತ್ತಿನಲ್ಲಿ ತೋಟದ ದೊರೆಯ ದೋಣಿಯೇ ಮುಂದೆ. ಬಲಕ್ಕೆ ತಿರುಗುವ ಮಡಕೆ ಹತ್ತಿರ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ದೋಣಿ ಮಲಗಿರಲಿಲ್ಲ. ಕಂಬ ನೆಟ್ಟಗೆ, ಪಟ ತುಂಬಿಕೊಂಡು, ಹೋದಷ್ಟೇ ಜೋರಾಗಿ ಬರುತ್ತಿತ್ತು. ಎರಡನೆಯ ಸುತ್ತಿಗೆ ಪಡುವಣ ಗಾಳಿ ಎದ್ದಿತು. ತೋಟದ ದೊರೆಯ ದೋಣಿ ತತ್ತರಿಸಿತು, ನಮ್ಮದು ಅದನ್ನು ಹಿಂದೆ ಹಾಕಿತು. ದಡಕ್ಕೆ ಹತ್ತಿರವಾಗಿ ತೂಬಿನ ಮುಂದೆ ಹಾದುಹೋಗುವಾಗ ಗಾಳಿ ತಂತಿಗಳ ಮೇಲೆ ಹಾಯ್ದು, ಸಣ್ಣಗೆ, ಎಳೆಯಾಗಿ, ಎರಡು ತಂಬೂರಿ ಸೇರಿಸಿ ಮೀಟಿದ ಹಾಗೆ ಒಂದು ನಾದ ಹೊರಟಿತು. ಏರಿಯ ಮೇಲಿನ ಜನವೆಲ್ಲ ಒಂದೇ ಸಲ ಸುಮ್ಮನಾದರು.

"ಆಡ್ತಾ ಅದೆ ಕಣ್ಲಾ" ಎಂದ ಒಬ್ಬ, ಮೆಲ್ಲಗೆ.

"ಯಾವ್ ಟೇಸನ್ನು?"

"ಲಂಡನ್ನೇ ಇರ್ಬೇಕು. ಮಾತು ಅರ್ತ ಆಯ್ತಿಲ್ಲ."

ನಾನು ನಾಲ್ಕಾರು ವರ್ಷ ಸಂಗೀತ ಕಛೇರಿಗಳಿಗೆ ಹೋಗಿದ್ದೇನೆ, ಆ ಕೆರೆಯ ಮೇಲಿನ ಮೂರು ನಿಮಿಷದಂಥದನ್ನು ಎಲ್ಲಿಯೂ ಕೇಳಲಿಲ್ಲ. ಮೂರನೆಯ ಸುತ್ತಿಗೆ ನಮ್ಮ ದೋಣಿ ಎಂಟು ಮಾರು ಮುಂದೆ ಬಂದು ಮುಟ್ಟಿತು. ದೊರೆ ಎಡಗೈಯಿಂದ ನನ್ನ ಬೆನ್ನು ತಟ್ಟಿದರು. ಬಗ್ಗಿ ತಂತಿಗಳನ್ನು ಮುಟ್ಟಿ ನೋಡಿ, ನಂಬದವರಂತೆ ಮತ್ತೊಮ್ಮೆ ಮುಟ್ಟಿ, ನನ್ನ ಕಡೆ ತಿರುಗಿ, "ಹೂ ಟ್ಯೂನ್ಡ್ ಹರ್?" ಎಂದರು. ಯಾರು ಶ್ರುತಿ ಮಾಡಿದ್ದು?

ನನ್ನ ನಾಲಿಗೆಯ ಮೇಲೆ 'ಮೈ ಫಾದರ್' ಎಂಬ ಮಾತು ಬಂದಿತ್ತು. ಕಷ್ಟದ ಇಂಗ್ಲಿಷೇನಲ್ಲ, ಮಿಡ್ಲ್‌ಸ್ಕೂಲಿನ ಮೊದಲನೇ ಪಾಠ. ಅಷ್ಟರಲ್ಲಿ ಬೆಲ್ಲದ ಅಂಗಡಿ, ಲೋಟ ತಟ್ಟುವ ಬೆರಳು, ದಿಮ್ಮಿ ತಟ್ಟಿದಾಗ ನಕ್ಕ ಗುಮಾಸ್ತರು, ಸೋಮವಾರ ರುಜುವಾಗಬೇಕಾದ ಕಾಗದ, ಎಲ್ಲ ಕಣ್ಣ ಮುಂದೆ ಬಂದವು.

"ಐ, ಸಾರ್" ಎಂದೆ.

ಆಚಾರಿ ನನ್ನ ಮುಖ ನೋಡಿದ. ಅವನಿಗೆ ಇಂಗ್ಲಿಷ್ ಬಾರದು, ಆದರೆ ನಾನು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದೆ, ಅದಕ್ಕೆ ಡಿಕ್ಷನರಿ ಬೇಕಿಲ್ಲ. ಅವನು ನೀರಿನ ಕಡೆ ತಿರುಗಿಕೊಂಡ. ನಾನು ಹಿಂದಕ್ಕೆ ನೋಡಿದೆ. ಹಿಪ್ಪೆಮರದ ಕೆಳಗಿದ್ದ ಅಪ್ಪ ಆ ನಾದದ ಬೆನ್ನು ಹಿಡಿದು ಬಂದು, ನನ್ನಿಂದ ನಾಲ್ಕು ಹೆಜ್ಜೆ ಹಿಂದೆ, ತೂಬಿನ ಕಲ್ಲಿನ ಪಕ್ಕ ನಿಂತಿದ್ದರು.

ಮನೆಗೆ ಇಬ್ಬರೂ ನಡೆದುಕೊಂಡು ಬಂದೆವು. ಪೇಟೆಬೀದಿ ಮುಟ್ಟುವ ತನಕ ಅಪ್ಪ ಒಳಗೇ ಷಡ್ಜ ಗುನುಗುತ್ತಿದ್ದರು. ಆಮೇಲೆ ಕೇಳಿದರು.

"ದೊರೆ ಕೊನೇಲಿ ಏನ್ ಕೇಳುದ್ರಪ್ಪ?"

"ಯಾರು ಶ್ರುತಿ ಮಾಡಿದ್ದು ಅಂತ ಕೇಳಿದರು."

"ನೀನ್ ಏನಂದೆ?"

"ನಿಮ್ಮ ಹೆಸರು ಹೇಳಿದೆ."

ಹತ್ತು ಹೆಜ್ಜೆ ನಡೆದರು. ನನ್ನ ದನಿ ಅರ್ಧ ಮನೆ ಮೇಲೆ ಹೋಗಿತ್ತೆಂದು ನನಗೇ ಗೊತ್ತಾಗಿತ್ತು.

"ಗುರುಮಲ್ಲಪ್ಪ ಅನ್ನೋದು ಇಂಗ್ಲೀಸಲ್ಲಿ ಅಷ್ಟು ಚಿಕ್ದಾ? 'ಐ' ಅಂತಾನಾ?" ಎಂದರು. "ಒಳ್ಳೆ ಬಾಸೆ ಕಣಪ್ಪ. ಒಂದೇ ಅಕ್ಸರ."

ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಗೊತ್ತಿದ್ದು ಕೇಳಿದರೋ ಗೊತ್ತಿಲ್ಲದೆ ಕೇಳಿದರೋ ಆಗ ತಿಳಿಯಲಿಲ್ಲ. ನಾನು 'ಹೂಂ' ಎಂದೆ. ಸೋಮವಾರ ಕೆಲಸ ಕಾಯಮಾಯಿತು. ಕಾರ್ತಿಕದಲ್ಲಿ ಮದುವೆಯಾಯಿತು. ಅರಿಸಿನ ದೊರೆ ಮುಂದಿನ ವರ್ಷ ದೋಣಿಯನ್ನೂ ಕಟ್ಟಿಕೊಂಡು ಸೀಮೆಗೆ ಹೊರಟುಹೋದರು. ಹೋಗುವಾಗ ನನಗೊಂದು ಸರ್ಟಿಫಿಕೇಟು ಬರೆದುಕೊಟ್ಟರು, ನನ್ನ ಕಿವಿ ಅಪರೂಪದ್ದೆಂದು.

ಗೊತ್ತಿದ್ದೇ ಕೇಳಿದ್ದರೆಂದು ತಿಳಿದದ್ದು ಮದುವೆಯಾದ ಮೇಲೆ. ಪಾರ್ವತಿ ಅಡುಗೆಮನೆಯಿಂದ, "ಡಬ್ಬದಲ್ಲಿದ್ದ ಕೋಡುಬಳೆ ಯಾರು ತಿಂದದ್ದು?" ಎಂದು ಕೇಳಿದರೆ, ಅಪ್ಪ ಜಗುಲಿಯಿಂದ, "ಐ" ಎನ್ನುತ್ತಿದ್ದರು. ಕೊಡೆ ಬಿಟ್ಟುಬಂದದ್ದು ಯಾರು ಎಂದರೆ, "ಐ". ಮನೆಯವರೆಲ್ಲ ನಗುತ್ತಿದ್ದರು, ಮಾವನವರು ಇಂಗ್ಲಿಷ್ ಕಲಿತರು ಎಂದು ಪಾರ್ವತಿಗೆ ಹಿಗ್ಗು. ನಾನು ಮಾತ್ರ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಒಂದು ಸಲವೂ ಅವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಹೇಳಿಬಿಡಬೇಕೆಂದು ಒಂದೇ ಸಲ ಪ್ರಯತ್ನಪಟ್ಟೆ. ಚುಂಚನಕಟ್ಟೆಗೆ ಹೋಗಿದ್ದೆವು. ಕಾವೇರಿ ತುಂಬಿ ಬಂಡೆಗಳ ಮೇಲೆ ಧುಮುಕುವ ಜಾಗದಲ್ಲಿ ಅಪ್ಪ ನೀರಿನ ದನಿ ಕೇಳುತ್ತ ನಿಂತಿದ್ದರು. ನಾನು ಪಕ್ಕದಲ್ಲಿ ನಿಂತು, "ಅಪ್ಪ, ಅವತ್ತು ಕೆರೆ ಹತ್ತಿರ ನಾನು ಸುಳ್ಳು ಹೇಳಿದೆ" ಎಂದೆ. ಅಂಥ ಭೋರ್ಗರೆತವಿರುವ ಜಾಗವನ್ನೇ ಯಾಕೆ ಆರಿಸಿಕೊಂಡೆ ಎಂದು ನೀವು ಕೇಳಬಾರದು. "ಏನಂದೆ?" ಎಂದು ಕಿವಿ ಕೊಟ್ಟರು. ಆ ಕಿವಿ ಎಷ್ಟು ಚುರುಕಾದದ್ದೆಂದು ನನಗೆ ಗೊತ್ತು. "ಏನಿಲ್ಲ" ಎಂದೆ. "ನೀರಿನ್ ದನಿಗೆ ನಿನ್ ದನಿ ಸೇರ್ತಿಲ್ಲ ಬುಡು. ಆಮೇಲ್ ಏಳೀಯಂತೆ" ಎಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಆಮೇಲೆ ಎನ್ನುವುದು ಬರಲಿಲ್ಲ. ಎರಡು ವರ್ಷದಲ್ಲಿ ಹೋಗಿಬಿಟ್ಟರು. ತಂಬೂರಿ ಗೋಡೆಯ ಮೇಲಿದೆ. ಶ್ರುತಿ ಮಾಡಲು ನನಗೆ ಬಾರದು, ಆದರೆ ಅಪರೂಪದ ಕಿವಿಯೆಂಬ ಸರ್ಟಿಫಿಕೇಟು ಅದರ ಕೆಳಗೇ ಟ್ರಂಕಿನಲ್ಲಿದೆ.

ಇಷ್ಟನ್ನು ಬರೆದು ಮೊನ್ನೆ ಪಾರ್ವತಿಗೆ ಓದಿ ಹೇಳಿದೆ. ಇಷ್ಟು ವರ್ಷವಾದ ಮೇಲೆ ಕೋಡುಬಳೆಯ 'ಐ' ಏನೆಂದು ಅವಳಿಗೆ ತಿಳಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಬಾಗಿಲ ಮರೆಯ ಅದೇ ನಗು ನಕ್ಕಳು. "ಇದರಲ್ಲಿ ಚೆನ್ನಾಗಿರೋ ಮಾತೆಲ್ಲ ಮಾವನವರದೇ ಅಲ್ಲವಾ? ನಾಳೆ ಯಾರಾದರೂ ಇದನ್ನ ಬರೆದೋರು ಯಾರು ಅಂತ ಕೇಳಿದರೆ ಏನು ಹೇಳ್ತೀರಿ?" ಎಂದಳು.

"ಐ ಅಂತ ಹೇಳ್ತೀನಿ" ಎಂದೆ. "ನಮ್ಮ ಮನೆಯಲ್ಲಿ ಅದು ಅಪ್ಪನ ಹೆಸರು."